ಅನುಭವ: "ಇಲ್ಲ"

ನಿನ್ನೆಯಿಂದ ಒಂದೇ ವಿಷಯ ತಲೆ ಕೊರೀತಾ ಇದೆ. ಬರೆದು ಹಾಕದಿದ್ದರೆ ಇವತ್ತೂ ನಿದ್ದೆ ಬರಲ್ಲ.

ಪಕ್ಕದ ಮನೆ ತಂಗಿಯ ಜೊತೆ ಸ್ವಂತ ಉದ್ಯೋಗದ ತರಬೇತಿಯೊಂದಕ್ಕೆ ಹೋಗಿದ್ದೆ. ಅವಳು ಹಳ್ಳಿ ಬಿಟ್ಟು ಮಗನ ಜೊತೆ ತುಮಕೂರಿಗೆ ಬಂದು ಆರು ತಿಂಗಳಾಯಿತು. ಮನೆಯಲ್ಲೇ ಚಪಾತಿ, ಹೋಳಿಗೆ ಮಾಡಿ ಮಾರಬೇಕು ಅಂತ ಆಸೆ. ಒಬ್ಬಳೇ ಹೋಗೋಕೆ ಹಿಂಜರಿಕೆ. "ಅಕ್ಕಾ, ನೀವೂ ಬನ್ನಿ" ಅಂದಳು, ಹೋದೆ. ಅಲ್ಲಿ ಪಾಠ ಮಾಡಿದ ಮೇಡಂ ಶುರುವಿನಲ್ಲೇ ಹೇಳಿದರು: "ಇವತ್ತಿಂದ ನಿಮ್ಮದು ಹೊಸ ಜೀವನ. ಹಿಂದೆ ಏನು ಮಾಡ್ತಿದ್ರಿ ಅನ್ನೋದನ್ನೆಲ್ಲ ಮರೆತುಬಿಡಿ. ಬಿಳಿ ಹಾಳೆ ಥರ ಬನ್ನಿ." ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಕೈ ಏಳಲಿಲ್ಲ.

ಆಮೇಲೆ ಫಾರಂ ಕೊಟ್ಟರು. ಹೆಸರು, ವಯಸ್ಸು, ಓದು, ಅನುಭವ. ತಂಗಿಯ ಹಾಳೆ ಕಣ್ಣಿಗೆ ಬಿತ್ತು. ಅನುಭವದ ಮುಂದೆ ದುಂಡಗೆ "ಇಲ್ಲ" ಅಂತ ಬರೆದಿದ್ದಳು.

ಇಲ್ಲವಂತೆ! ಹದಿನಾರು ವರ್ಷ ಊರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸಿದವಳು ಇವಳು. ಐದನೇ ಕ್ಲಾಸಿನವರೆಗೆ ಒಂದು ಮಗುವಿಗೆ 100 ಗ್ರಾಂ ಅಕ್ಕಿ, ಅದರ ಮೇಲಿನವರಿಗೆ 150 ಗ್ರಾಂ. ಇವತ್ತು ಚಿಕ್ಕವರು 110 ಜನ, ದೊಡ್ಡವರು 70 ಜನ ಅಂದರೆ ಸಾಕು, ಇಪ್ಪತ್ತೊಂದೂವರೆ ಕೆಜಿ ಅಂತ ಪೆನ್ನು ಹಿಡಿಯದೆ ಹೇಳ್ತಾಳೆ. ಹಾಲಿನ ಪುಡಿ ಮಗುವಿಗೆ 18 ಗ್ರಾಂ ಲೆಕ್ಕ. ಅಷ್ಟು ದೊಡ್ಡ ಪಾತ್ರೆಯಲ್ಲಿ ಒಂದು ಗಂಟು ಇಲ್ಲದ ಹಾಗೆ ಕಲಸಬೇಕು. ಬೆಲ್ ಹೊಡೆಯುವ ಮುಂಚೆ ಅಡುಗೆ ಆಗಿರಬೇಕು, ಮಕ್ಕಳಿಗೆ ಬಡಿಸುವ ಮೊದಲು ತಾನೂ ಮೇಷ್ಟ್ರೂ ರುಚಿ ನೋಡಿರಬೇಕು. ಒಂದು ಹಲ್ಲಿ ಬಿದ್ದರೆ ಇಡೀ ಊರೇ ಗೇಟಿನ ಮುಂದೆ. ಹದಿನಾರು ವರ್ಷದಲ್ಲಿ ಒಂದು ಮಗುವಿಗೂ ಹೊಟ್ಟೆ ಕೆಡಲಿಲ್ಲ ಅಂತ ಅವಳೇ ಒಮ್ಮೆ ಹೇಳಿದ್ದಳು, ತೊಗರಿಬೇಳೆ ಆರಿಸುತ್ತಾ, ತಲೆ ಎತ್ತದೆ. ಹೋಳಿಗೆ ಮಾರೋಕೆ ಇದಕ್ಕಿಂತ ದೊಡ್ಡ ಬಂಡವಾಳ ಯಾವುದಿದೆ ಹೇಳಿ?

ನನಗೆ ಇಷ್ಟು ಸಿಟ್ಟು ಬರೋಕೆ ಕಾರಣ ಇದೆ. ಹಳೇ ಸ್ನೇಹಿತರಿಗೆ ಗೊತ್ತು, ನಾನು ಎಚ್‌ಎಂಟಿ ವಾಚ್ ಫ್ಯಾಕ್ಟರಿಯವಳು. 1978ರಲ್ಲಿ ತುಮಕೂರಿನಲ್ಲಿ ಶುರುವಾದ ಘಟಕ, ಅಲ್ಲಿನ ಅಸೆಂಬ್ಲಿಯಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದೆ. ಕೂದಲಿಗಿಂತ ತೆಳುವಾದ ಹೇರ್‌ಸ್ಪ್ರಿಂಗನ್ನು, ಅಂದರೆ ವಾಚಿನೊಳಗಿನ ಸುರುಳಿ ತಂತಿಯನ್ನು, ಚಿಮಟದಲ್ಲಿ ಹಿಡಿದು ಕೂರಿಸಬೇಕು. ಕೈ ಸ್ವಲ್ಪ ಅಲುಗಿದರೂ ಸುರುಳಿ ಕೆಟ್ಟುಹೋಗುತ್ತೆ. ಚಕ್ರದ ತುದಿ ತಿರುಗುವ ಪುಟ್ಟ ಕಲ್ಲಿನ ಮೇಲೆ ಬಿಡುವ ಎಣ್ಣೆ ಬರಿಗಣ್ಣಿಗೆ ಕಾಣದಷ್ಟು. ಜಾಸ್ತಿಯಾದರೆ ಹರಡುತ್ತೆ, ಕಡಿಮೆಯಾದರೆ ಸವೆಯುತ್ತೆ. ಆ ಹೊತ್ತಿನಲ್ಲಿ ಉಸಿರು ತಾನಾಗಿ ನಿಲ್ಲುತ್ತಿತ್ತು. ಸರಿಯಾಗಿ ಕೂತ ವಾಚು ಸೆಕೆಂಡಿಗೆ ಐದು ಸಲ ಮಿಡಿಯೋದನ್ನು ಕಿವಿ ಹತ್ತಿರ ಹಿಡಿದು ಕೇಳಿದರೆ, ಆಹಾ, ಆ ಸಂತೋಷ ಈಗಲೂ ಮರೆತಿಲ್ಲ.

ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡು ಮನೆಗೆ ಬಂದಾಗ ನಾನೂ ಒಂದು ಫಾರಂ ತುಂಬಿದ್ದೆ. ಹೊಲಿಗೆ ಕ್ಲಾಸಿಗೆ. ನಾನೂ "ಇಲ್ಲ" ಅಂತಲೇ ಬರೆದೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ವಾಚಿನ ಕೆಲಸ ವಾಚಿಗೆ ಮಾತ್ರ, ಇನ್ನು ಅದು ಯಾರಿಗೆ ಬೇಕು ಅಂದುಕೊಂಡೆ. ಚಿಮಟ, ಕಣ್ಣಿಗೆ ಹಾಕುವ ಭೂತಗನ್ನಡಿ ಎಲ್ಲ ಟ್ರಂಕಿಗೆ ಸೇರಿತು. ಎರಡು ವರ್ಷ ಆ ಟ್ರಂಕ್ ಮುಟ್ಟಲಿಲ್ಲ. ಮುಟ್ಟಿದರೆ ಅಳು ಬರುತ್ತೆ ಅಂತ ಭಯ.

ಒಂದು ದಿನ ನಾದಿನಿ ಮದುವೆ ಸೀರೆ ತಂದಳು. ಸೆರಗಿನ ಎಳೆಗಳೆಲ್ಲ ಸಿಕ್ಕು. ಕುಚ್ಚು ಕಟ್ಟುವವರು ಕೈ ಚೆಲ್ಲಿದ್ದರಂತೆ. ಟ್ರಂಕ್ ತೆಗೆದೆ. ಭೂತಗನ್ನಡಿ ಕಣ್ಣಿಗೆ ಹಾಕಿ, ಚಿಮಟದಲ್ಲಿ ಒಂದೊಂದೇ ಎಳೆ ಬಿಡಿಸುತ್ತಾ ಕೂತೆ. ಮೂರು ಗಂಟೆ ಆಗಿದ್ದು ಗೊತ್ತೇ ಆಗಲಿಲ್ಲ. ಮಧ್ಯದಲ್ಲಿ ಎಲ್ಲೋ ಗಮನಿಸಿದೆ, ಉಸಿರು ಹಿಡಿದಿದ್ದೆ. ಅದೇ ಹಳೇ ಉಸಿರು. ಆಮೇಲೆ ಬೇಬಿ ಕುಚ್ಚು ಕಲಿತೆ, ಕ್ರೋಶಾ ಕಲಿತೆ, ಮಣಿ ಪೋಣಿಸೋದು ಕಲಿತೆ. ಇವತ್ತು ನನ್ನ ಮನೆ ನಡೆಯೋದು ಅದರಿಂದ. ಅಂತರ ಒಂದೇ ಸಮ ಇರುತ್ತೆ ಅಂತ ಜನ ಹುಡುಕಿಕೊಂಡು ಬರುತ್ತಾರೆ. ಆ ಸಮ ಎಲ್ಲಿಂದ ಬಂತು?

ಹಳೇ ಕೆಲಸದ ಜಂಬ ಹೊತ್ತವರು ಹೊಸದು ಕಲಿಯಲ್ಲ ಅಂತ ಮೇಡಂ ಕಡೆಯವರು ಹೇಳಬಹುದು. ಅಂಥವರನ್ನು ನಾನೂ ನೋಡಿದ್ದೀನಿ. ಮಾತೆತ್ತಿದರೆ "ನಮ್ಮ ಕಾಲದಲ್ಲಿ" ಅನ್ನೋರು. ಆದರೆ ನಿನ್ನೆ ಆ ರೂಮಿನಲ್ಲಿ ಜಂಬ ಯಾರಿಗಿತ್ತು? ನಲವತ್ತು ಹೆಂಗಸರು ತಮ್ಮ ಕೈಗೆ ಏನೂ ಬರಲ್ಲ ಅಂತ ನಂಬಿಕೊಂಡೇ ಬಂದಿದ್ದರು. ಅವರಿಗೆ ಹೋಗಿ ಮರೆಯಿರಿ ಅನ್ನೋದಾ? ಪ್ಯಾಕಿಂಗ್ ಕಲಿಸಿ, ತಿಂಡಿ ಮಾರೋಕೆ ಬೇಕಾದ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಹೇಗೆ ಅಂತ ಹೇಳಿಕೊಡಿ, ಬೆಲೆ ಕಟ್ಟೋದು ಕಲಿಸಿ. ಅದು ಅವರಿಗೆ ಗೊತ್ತಿಲ್ಲ, ಕಲಿಯೋಕೆ ತಾನೇ ಬಸ್ ಹತ್ತಿ ಬಂದಿದ್ದು. ಇರೋದನ್ನು ಯಾಕೆ ಕಿತ್ತುಕೊಳ್ತೀರಿ?

ಈ ಪ್ರಶ್ನೆಯನ್ನು ನಿನ್ನೆ ಅಲ್ಲೇ ಎದ್ದು ಕೇಳಬೇಕಿತ್ತು. ಕೇಳಲಿಲ್ಲ. ಅದಕ್ಕೂ ನಿದ್ದೆ ಬಂದಿಲ್ಲ.

ಬೆಳಿಗ್ಗೆ ಹೋಗಿ ಇನ್ನೊಂದು ಫಾರಂ ತಂದೆ. ತಂಗಿಯನ್ನು ಕೂರಿಸಿದೆ. "ಏನಂತ ಬರೀಲಿ ಅಕ್ಕಾ?" ಅಂದಳು. ಬೆಳಿಗ್ಗೆ ಎಷ್ಟಕ್ಕೆ ಒಲೆ ಹಚ್ಚುತ್ತಿದ್ದೆ, ಅಲ್ಲಿಂದ ಶುರು ಮಾಡು ಅಂದೆ. ಮೊದಮೊದಲು ನಿಧಾನಕ್ಕೆ ಬರೆದಳು, ಆಮೇಲೆ ಬೇಗ ಬೇಗ. ಅನುಭವಕ್ಕೆ ಅಂತ ಬಿಟ್ಟಿದ್ದ ಒಂದು ಗೆರೆ ಸಾಲದೆ ಹಾಳೆ ಮಗುಚಿ ಹಿಂದೆಯೂ ಬರೆದಳು. ಸೋಮವಾರ ಇಬ್ಬರೂ ಹೋಗಿ ಆ ಮೇಡಂ ಕೈಗೇ ಕೊಟ್ಟು ಬರ್ತೀವಿ.