ಬೀಗ ಇರಲಿ, ಬೀಗದ ಕೈ ನಮಗೆ ಕೊಡಿ

ಅಪ್ಪನ ಫೋನ್ 2018ರಲ್ಲಿ ಕೊಂಡದ್ದು. ಪರದೆಯ ಮೇಲೆ ಒಂದು ಗೀರಿಲ್ಲ. ಎರಡು ವರ್ಷಗಳ ಹಿಂದೆ ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ಬ್ಯಾಟರಿ ಬದಲಿಸಿದ ಮೇಲೆ ಬೆಳಗ್ಗೆ ಚಾರ್ಜ್ ಮಾಡಿದರೆ ರಾತ್ರಿ ಊಟದವರೆಗೆ ಬರುತ್ತದೆ. ಹಿಂದಿನ ಮಳೆಗಾಲದಲ್ಲಿ ಕಟಪಾಡಿಯ ಮನೆಗೆ ಹೋಗಿದ್ದಾಗ ಸುಮ್ಮನೆ ಅದರ ಸೆಟ್ಟಿಂಗ್ಸ್ ತೆರೆದು ನೋಡಿದೆ. ಕೊನೆಯ ಭದ್ರತಾ ಅಪ್‌ಡೇಟ್: ನವೆಂಬರ್ 2020. ಅಂದರೆ ಅದರಾಚೆಗೆ ಆಂಡ್ರಾಯ್ಡ್‌ನಲ್ಲಿ ಪತ್ತೆಯಾದ ಒಂದೇ ಒಂದು ತೂತನ್ನೂ ಆ ಫೋನಿನಲ್ಲಿ ಯಾರೂ ಮುಚ್ಚಿಲ್ಲ. ಅದೇ ಫೋನಿನಲ್ಲಿ ಅಪ್ಪ ಪಿಂಚಣಿ ಬಂದಿದೆಯೇ ಎಂದು ನೋಡುತ್ತಾರೆ, ಕರೆಂಟ್ ಬಿಲ್ ಕಟ್ಟುತ್ತಾರೆ, ವಾಟ್ಸ್ಆ್ಯಪ್‌ನಲ್ಲಿ ಯಾರೇನು ಕಳುಹಿಸಿದರೂ ತೆರೆದು ನೋಡುತ್ತಾರೆ. ನನಗೆ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಬ್ಯಾಟರಿ ಹಾಕಿಕೊಟ್ಟ ಅಂಗಡಿಯವರನ್ನೇ ಕೇಳಿದೆ. "ಇದಕ್ಕೆ ಇನ್ನು ಏನೂ ಬರುವುದಿಲ್ಲ ಅಣ್ಣ, ಹೊಸದು ತೆಗೆದುಕೊಳ್ಳಿ" ಎಂದರು. ಅವರ ತಪ್ಪೇನೂ ಇಲ್ಲ, ಇದ್ದದ್ದನ್ನೇ ಹೇಳಿದರು. ಮನೆಗೆ ಬಂದು ಅಪ್ಪನಿಗೆ ತಿಳಿಸಿದರೆ ಅವರು ಕೇಳಿದ್ದು ಒಂದೇ ಮಾತು: "ಸರಿ ಇರುವುದನ್ನು ಬಿಸಾಡುವುದು ಯಾಕೆ ಮಾರಾಯ?"

ಈ ಪ್ರಶ್ನೆ ಅವರಿಗೆ ಎಲ್ಲಿಂದ ಬರುತ್ತದೆ ಎಂದು ನನಗೆ ಗೊತ್ತು. ನಮ್ಮದು ಹಂಚಿನ ಮನೆ. ಪ್ರತಿವರ್ಷ ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು, ಏಣಿ ಇಟ್ಟು ಮಾಡು ಹತ್ತಿ ಒಡೆದ ಹಂಚುಗಳನ್ನು ತೆಗೆದು ಬೇರೆ ಕೂರಿಸುತ್ತೇವೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯಲ್ಲಿ ಎಷ್ಟೋ ಕಾರ್ಖಾನೆಗಳು ಹುಟ್ಟಿದವು, ಎಷ್ಟೋ ಮುಚ್ಚಿದವು. ನಮ್ಮ ಮಾಡಿನ ಹಂಚಿನ ಬೆನ್ನಿನ ಮೇಲೆ ಅಚ್ಚಾಗಿರುವ ಕಾರ್ಖಾನೆಯೂ ಈಗ ಇಲ್ಲ. ಹಾಗೆಂದು ಯಾರೂ ಮನೆ ಬಿಟ್ಟು ಹೋಗಲಿಲ್ಲ. ಒಡೆದಲ್ಲಿ ಇನ್ನೊಂದು ಹಂಚು ಕೂರಿಸಲು ಕಾರ್ಖಾನೆಯವರ ಅಪ್ಪಣೆ ಬೇಕೆಂದು ಯಾರಾದರೂ ಹೇಳಿದ್ದರೆ ಅಪ್ಪ ಅವರನ್ನು ಅಂಗಳದಿಂದಲೇ ಕಳುಹಿಸುತ್ತಿದ್ದರು.

ಫೋನಿನಲ್ಲಿ ಮಾತ್ರ ಅಪ್ಪಣೆ ಬೇಕು. ಆ ಅಪ್ಪಣೆಯ ಹೆಸರು ಬೂಟ್‌ಲೋಡರ್ ಅನ್‌ಲಾಕ್.

ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಫೋನ್ ಆನ್ ಮಾಡಿದ ಕೂಡಲೇ ಆಂಡ್ರಾಯ್ಡ್ ಏಳುವುದಿಲ್ಲ. ಮೊದಲು ಚಿಪ್‌ನೊಳಗೆ ತಯಾರಿಕೆಯ ಹೊತ್ತಿನಲ್ಲೇ ಬರೆದಿಟ್ಟ, ಮತ್ತೆ ಅಳಿಸಲಾಗದ ಒಂದು ಚಿಕ್ಕ ಪ್ರೋಗ್ರಾಂ ಏಳುತ್ತದೆ. ಅದು ಬೂಟ್‌ಲೋಡರ್‌ನ, ಅಂದರೆ ಆಂಡ್ರಾಯ್ಡನ್ನು ಎಬ್ಬಿಸುವ ಇನ್ನೊಂದು ಪ್ರೋಗ್ರಾಂನ, ಸಹಿಯನ್ನು (ಡಿಜಿಟಲ್ ಮುದ್ರೆಯನ್ನು) ಪರೀಕ್ಷಿಸುತ್ತದೆ. ಬೂಟ್‌ಲೋಡರ್ ತನ್ನ ಸರದಿಯಲ್ಲಿ ಆಂಡ್ರಾಯ್ಡ್‌ನ ಸಹಿಯನ್ನು ಪರೀಕ್ಷಿಸುತ್ತದೆ. ಸಹಿ ತಯಾರಕರದ್ದಾದರೆ ಬಾಗಿಲು ತೆರೆಯುತ್ತದೆ, ಇಲ್ಲವಾದರೆ ಇಲ್ಲ. ಇದು ಒಳ್ಳೆಯ ವ್ಯವಸ್ಥೆ. ಬಸ್ಸಿನಲ್ಲಿ ಕಳೆದುಹೋದ ಫೋನಿಗೆ ಯಾರೋ ಗೂಢಚಾರಿ ತಂತ್ರಾಂಶ ತುರುಕಿ ವಾಪಸ್ ಕೊಡುವುದನ್ನು ಇದು ತಡೆಯುತ್ತದೆ. ಬೀಗ ತೆಗೆಯುವ ಕ್ಷಣದಲ್ಲಿ ಫೋನಿನೊಳಗಿನ ಫೋಟೋ, ಸಂದೇಶ ಎಲ್ಲವೂ ಅಳಿಸಿಹೋಗುವುದೂ ಇದೇ ಕಾರಣಕ್ಕೆ. ಕದ್ದವನ ಕೈಗೆ ಬರಿಯ ಪೆಟ್ಟಿಗೆ ಸಿಗಬೇಕು, ಒಳಗಿನ ಒಡವೆ ಸಿಗಬಾರದು. ಈ ಬೀಗದ ಬಗ್ಗೆ ನನಗೆ ತಕರಾರಿಲ್ಲ. ದುಡ್ಡು ಕೊಟ್ಟು ಕೊಂಡವನಿಗೆ ಅದರ ಕೈ ಕೊಡದಿರುವುದರ ಬಗ್ಗೆ ಇದೆ.

ನನಗೆ ಈ ಹುಚ್ಚು ಹಿಡಿದದ್ದು ಕನ್ನಡದಿಂದ. 2011ರಲ್ಲಿ ನನ್ನ ಮೊದಲ ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಅಕ್ಷರಗಳೆಲ್ಲ ಚೌಕ ಚೌಕವಾಗಿ ಕಾಣುತ್ತಿದ್ದವು. ಅಮ್ಮನ ಹೆಸರನ್ನು ಕನ್ನಡದಲ್ಲಿ ಬರೆದಿಟ್ಟರೆ ಮೂರು ಚೌಕ. ಆಪೆರಾ ಮಿನಿಯಲ್ಲಿ ಅಕ್ಷರಗಳನ್ನು ಚಿತ್ರವಾಗಿ ತೋರಿಸುವ ಒಂದು ಆಯ್ಕೆ ಇತ್ತು, ಅದನ್ನು ಹಾಕಿಕೊಂಡು ಪತ್ರಿಕೆ ಓದುತ್ತಿದ್ದವರು ನಿಮ್ಮಲ್ಲೂ ಇರಬಹುದು. ಆಗ ಹಾಸ್ಟೆಲಿನ ಗೆಳೆಯನೊಬ್ಬನ ಜೊತೆ ಕುಳಿತು ಫೋನನ್ನು ರೂಟ್ ಮಾಡಿ, ಅಂದರೆ ಅದರ ಒಳಗಿನ ಕಡತಗಳನ್ನೂ ತಿದ್ದುವ ಅಧಿಕಾರ ಪಡೆದು, ಲೋಹಿತ್ ಕನ್ನಡ ಫಾಂಟನ್ನು ಸಿಸ್ಟಂ ಫೋಲ್ಡರಿಗೆ ಹಾಕಿದೆ. ಅಕ್ಷರ ಮೂಡಿತು! ಒತ್ತಕ್ಷರಗಳು ಮಾತ್ರ ಬೇರ್ಪಟ್ಟು ಪಕ್ಕದಲ್ಲಿ ನಿಂತಿದ್ದವು, ಅಕ್ಷರಗಳನ್ನು ಕೂಡಿಸುವ ಕೆಲಸ ಆ ಆಂಡ್ರಾಯ್ಡ್‌ಗೆ ಗೊತ್ತಿರಲಿಲ್ಲ. ಆದರೂ ಅಂದು ಆದ ಸಂತೋಷ ಇಂದಿಗೂ ನೆನಪಿದೆ. 2012ರಲ್ಲಿ ಆಂಡ್ರಾಯ್ಡ್ 4.1 ಬಂದಾಗ ಕನ್ನಡ ಅದರಲ್ಲೇ ಇತ್ತು. ನನ್ನ ಫೋನಿಗೆ ಆ ಆವೃತ್ತಿ ತಯಾರಕರಿಂದ ಬರಲೇ ಇಲ್ಲ. ಬಂದದ್ದು ಸಯನೋಜೆನ್‌ಮಾಡ್ ಎಂಬ, ಹವ್ಯಾಸಿ ತಂತ್ರಜ್ಞರು ಸೇರಿ ಕಟ್ಟಿದ ಆವೃತ್ತಿಯ ಮೂಲಕ. ಒತ್ತಕ್ಷರ ಸಮೇತ ಕನ್ನಡ ಓದಿದ್ದು ಆಗ. 2016ರ ಕೊನೆಗೆ ಸಯನೋಜೆನ್‌ಮಾಡ್ ನಿಂತಿತು; ಅದೇ ಬೇರಿನಿಂದ ಲಿನೇಜ್ಓಎಸ್ ಚಿಗುರಿತು.

ಇದು ಹಳೆಯ ಕಥೆಯಾಯಿತು ಎನ್ನಬೇಡಿ. ತುಳು–ತಿಗಳಾರಿ ಲಿಪಿಗೆ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಸಾಧನಗಳೂ ಅನುಸರಿಸುವ ಅಕ್ಷರಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಫೋನುಗಳು ಆ ಲಿಪಿಯನ್ನು ಇವತ್ತು ಹೇಗೆ ತೋರಿಸುತ್ತವೆ? 2011ರಲ್ಲಿ ಅಮ್ಮನ ಹೆಸರನ್ನು ತೋರಿಸಿದ ಹಾಗೆಯೇ, ಚೌಕ ಚೌಕವಾಗಿ. ತಯಾರಕರು ಅಪ್‌ಡೇಟ್ ನಿಲ್ಲಿಸಿದ ಫೋನಿಗೆ ಆ ಅಕ್ಷರಗಳು ತಾವಾಗಿ ಎಂದೂ ಬರುವುದಿಲ್ಲ. ಬೀಗದ ಕೈ ಇದ್ದರೆ, ಫಾಂಟ್ ಒಂದನ್ನು ಒಳಗಿಟ್ಟು, ಫಾಂಟುಗಳ ಪಟ್ಟಿಯ ಕಡತದಲ್ಲಿ ಅದರ ಹೆಸರು ಸೇರಿಸಿ ನಾವೇ ತರಿಸಿಕೊಳ್ಳಬಹುದು. ಕೋಟಿಗಟ್ಟಲೆ ಜನ ಆಡದ ಭಾಷೆಯವರು ಸಾಲಿನಲ್ಲಿ ಯಾವಾಗಲೂ ಕೊನೆಗೆ ನಿಂತಿರುತ್ತೇವೆ. ನಮ್ಮ ಸರದಿ ಬರುವ ಹೊತ್ತಿಗೆ ಅಂಗಡಿ ಮುಚ್ಚಿರುತ್ತದೆ.

ಅಪ್ಪನ ಫೋನಿಗೆ ಬರುತ್ತೇನೆ. ಅದೃಷ್ಟಕ್ಕೆ ಆ ಮಾದರಿಗೆ ಬೀಗ ತೆಗೆಯುವ ದಾರಿ ಇತ್ತು, ಲಿನೇಜ್ಓಎಸ್ ಪಟ್ಟಿಯಲ್ಲಿ ಅದರ ಹೆಸರೂ ಇತ್ತು. ಅವರ ಫೋಟೋಗಳನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿ, ನಕಲು ಸರಿಯಾಗಿದೆಯೇ ಎಂದು ಎರಡು ಸಲ ತೆರೆದು ನೋಡಿದೆ. ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ, ಡೆವಲಪರ್ ಆಯ್ಕೆಗಳಲ್ಲಿ ಅನ್‌ಲಾಕ್‌ಗೆ ಒಪ್ಪಿಗೆ ಕೊಟ್ಟು, ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡಲು ಬಿಡುವ ಫಾಸ್ಟ್‌ಬೂಟ್ ಸ್ಥಿತಿಗೆ ಹೋಗಿ ಒಂದು ಸಾಲಿನ ಆಜ್ಞೆ ಕೊಟ್ಟರೆ ಬೀಗ ತೆಗೆಯುವುದು ಮುಗಿಯಿತು, ಆಮೇಲೆ ಲಿನೇಜ್ಓಎಸ್ ಹಾಕಿದೆ. ಹೊರಗೆ ಮಳೆ ಸುರಿಯುತ್ತಿತ್ತು, ಕರೆಂಟ್ ಎರಡು ಸಲ ಹೋಗಿ ಬಂತು. ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿಸಿಟ್ಟುಕೊಂಡದ್ದರಿಂದ ಬಚಾವಾದೆ. ರಾತ್ರಿ ಹತ್ತರ ಹೊತ್ತಿಗೆ ಫೋನ್ ಎದ್ದಿತು. ಭದ್ರತಾ ಅಪ್‌ಡೇಟ್ ಹಿಂದಿನ ತಿಂಗಳದ್ದು. ಕಂಪನಿಯ ಜಾಹೀರಾತಿಲ್ಲ, ಬೇಡದ ಆಟಗಳಿಲ್ಲ. ಅಪ್ಪ ಪರದೆ ಸರಿಸಿ ನೋಡಿ, "ಹೊಸದರಂತೆ ಓಡುತ್ತದಲ್ಲ" ಎಂದರು.

ಮರುದಿನ ಬೆಳಗ್ಗೆ ಬ್ಯಾಂಕಿನ ಆ್ಯಪ್ ತೆರೆದರು. "ನಿಮ್ಮ ಸಾಧನ ಸುರಕ್ಷಿತವಾಗಿಲ್ಲ" ಎಂದು ಹೇಳಿ ಅದು ಮುಚ್ಚಿಕೊಂಡಿತು.

ಇಲ್ಲಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಐದು ವರ್ಷಗಳ ತೂತುಗಳನ್ನು ಹೊತ್ತುಕೊಂಡಿದ್ದ ಫೋನನ್ನು ಅದೇ ಆ್ಯಪ್ ನಿನ್ನೆಯವರೆಗೆ ಸುರಕ್ಷಿತವೆಂದು ಒಪ್ಪಿಕೊಂಡಿತ್ತು. ತೂತು ಮುಚ್ಚಿದ ಮೇಲೆ ಅಪಾಯಕಾರಿ ಎನ್ನುತ್ತಿದೆ. ಕಾರಣ ಇಷ್ಟೇ: ಇಂಥ ಆ್ಯಪ್‌ಗಳು ಗೂಗಲ್‌ನ ಪ್ಲೇ ಇಂಟೆಗ್ರಿಟಿ ಎಂಬ ಸೇವೆಯನ್ನು ಕೇಳುತ್ತವೆ. ಆ ಸೇವೆ ಮುಖ್ಯವಾಗಿ ನೋಡುವುದು ಬೂಟ್‌ಲೋಡರ್‌ಗೆ ಬೀಗ ಇದೆಯೇ, ಒಳಗಿನ ತಂತ್ರಾಂಶ ಗೂಗಲ್ ಪ್ರಮಾಣೀಕರಿಸಿದ ತಯಾರಕರದ್ದೇ ಎಂಬುದನ್ನು. ಇತ್ತೀಚೆಗೆ ಅದರ ಅತಿ ಕಠಿಣ ಹಂತದಲ್ಲಿ, ಆಂಡ್ರಾಯ್ಡ್ 13 ಮತ್ತು ಅದರ ನಂತರದ ಫೋನುಗಳಿಗೆ ವರ್ಷದೊಳಗಿನ ಅಪ್‌ಡೇಟ್ ಇರಬೇಕೆಂಬ ನಿಯಮ ಬಂದಿದೆ. ಅಪ್ಪನಲ್ಲಿದ್ದಂಥ ಹಳೆಯ ಫೋನುಗಳಿಗೆ ಆ ಪ್ರಶ್ನೆಯೇ ಇಲ್ಲ. ಬ್ಯಾಂಕಿನವರು ಎಚ್ಚರ ವಹಿಸುವುದು ತಪ್ಪೆಂದು ಹೇಳುತ್ತಿಲ್ಲ. ಅಪ್ಪನ ವಯಸ್ಸಿನವರ ಖಾತೆ ಬರಿದಾಗುವ ಸುದ್ದಿಯನ್ನು ನಾನೂ ಓದುತ್ತೇನೆ. ಆದರೆ ಆ ಬೀಗ ಯಾರದ್ದು ಎಂದು ಮಾತ್ರ ನೋಡಿ, ಗೋಡೆ ಬಿದ್ದಿದೆಯೇ ಎಂದು ನೋಡದಿರುವುದು ಎಂಥ ಕಾವಲು?

ಇದನ್ನು ತಪ್ಪಿಸುವ ಕಳ್ಳದಾರಿಗಳಿವೆ. ನಾನು ಅಪ್ಪನ ಫೋನಿನಲ್ಲಿ ಅವನ್ನು ಬಳಸಲಿಲ್ಲ, ನೀವೂ ಹಿರಿಯರ ಫೋನಿನಲ್ಲಿ ಬಳಸಬೇಡಿ. ಈಗ ಬ್ಯಾಂಕಿನ ಕೆಲಸ ಅಮ್ಮನ ಫೋನಿನಲ್ಲಿ ನಡೆಯುತ್ತದೆ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು: ಲಿನೇಜ್ಓಎಸ್ ಆಂಡ್ರಾಯ್ಡ್‌ನ ತೂತು ಮುಚ್ಚಬಲ್ಲದು, ಚಿಪ್ ಮತ್ತು ಮೋಡೆಮ್‌ನೊಳಗಿನ ತಯಾರಕರ ಗುಪ್ತ ತಂತ್ರಾಂಶವನ್ನು ಅದು ಸರಿಪಡಿಸಲಾರದು. ಬೀಗವಿಲ್ಲದ ಫೋನ್ ಕಳ್ಳನ ಕೈಗೆ ಸಿಕ್ಕರೆ ಮೊದಲಿನಷ್ಟು ಗಟ್ಟಿಯಾಗಿಯೂ ಇರುವುದಿಲ್ಲ.

ಅದಕ್ಕೇ ನಾನು ಕೇಳುವುದು ಬೀಗ ತೆಗೆಯುವ ಹಕ್ಕಿಗಿಂತ ಹೆಚ್ಚಿನದು: ಹೊಸ ತಂತ್ರಾಂಶ ಹಾಕಿ, ನಮ್ಮದೇ ಕೀಲಿಯಿಂದ ಮತ್ತೆ ಬೀಗ ಹಾಕುವ ಹಕ್ಕು. ಇದು ಕನಸಲ್ಲ. ಗೂಗಲ್‌ನ ಪಿಕ್ಸೆಲ್ ಫೋನುಗಳಲ್ಲಿ ಈಗಲೇ ಆಗುತ್ತದೆ, ಭದ್ರತೆಗೆ ಒತ್ತು ಕೊಡುವ ಗ್ರಾಫೀನ್ಓಎಸ್ ಎಂಬ ಆಂಡ್ರಾಯ್ಡ್ ಆವೃತ್ತಿ ನಿಂತಿರುವುದೇ ಇದರ ಮೇಲೆ. ಆನ್ ಮಾಡಿದಾಗ ಹಳದಿ ಗುರುತಿನ ಒಂದು ಎಚ್ಚರಿಕೆ ಬರುತ್ತದೆ, ಒಳಗಿನ ತಂತ್ರಾಂಶ ತಯಾರಕರದ್ದಲ್ಲ ಎಂದು ಹೇಳುತ್ತದೆ, ಆಮೇಲೆ ಸಹಿಯ ಪರೀಕ್ಷೆ ಮೊದಲಿನಂತೆಯೇ ನಡೆಯುತ್ತದೆ. ಮನೆ ಕೊಂಡವನು ಹಳೆಯ ಬೀಗ ಕಿತ್ತು ತನ್ನ ಬೀಗ ಹಾಕಿಕೊಂಡ ಹಾಗೆ.

ಉಳಿದ ಹಲವು ತಯಾರಕರು ಹೋಗುತ್ತಿರುವುದು ಎದುರು ದಿಕ್ಕಿಗೆ. ಹುವಾವೇ 2018ರಲ್ಲಿ ಅನ್‌ಲಾಕ್ ಸಂಕೇತ ಕೊಡುವುದನ್ನು ನಿಲ್ಲಿಸಿತು. ಶಾವೊಮಿ ಬಹಳ ಕಾಲ ಅರ್ಜಿ ಹಾಕಿದವರನ್ನು 168 ಗಂಟೆ ಕಾಯಿಸುತ್ತಿತ್ತು, ಅದರ ಹೊಸ ತಂತ್ರಾಂಶ ಹೈಪರ್ಓಎಸ್ ಬಂದ ಮೇಲೆ ನಿಯಮ ಇನ್ನೂ ಬಿಗಿಯಾಯಿತು. ಸ್ಯಾಮ್‌ಸಂಗ್ 2025ರಲ್ಲಿ ತನ್ನ ಆಂಡ್ರಾಯ್ಡ್ ಆವೃತ್ತಿಯಾದ ಒನ್ ಯುಐ 8ರೊಂದಿಗೆ ಅನ್‌ಲಾಕ್ ಆಯ್ಕೆಯನ್ನೇ ತೆಗೆದುಹಾಕಿತು. ಹೀಗೆ ಒಂದೊಂದೇ ಬಾಗಿಲು ಮುಚ್ಚುತ್ತಿರುವುದು ಸುದ್ದಿಯೇ ಆಗುವುದಿಲ್ಲ.

ನಮ್ಮ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆಯಿತು. ಹೊಸ ಇ–ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಬಿಡಿಭಾಗ, ಕೈಪಿಡಿ, ಸರ್ವಿಸ್ ಸೆಂಟರ್ ಎಲ್ಲದರ ಮಾತೂ ನಡೆಯುತ್ತಿದೆ. ಬ್ಯಾಟರಿ ಬದಲಿಸಬಹುದು, ಪರದೆ ಬದಲಿಸಬಹುದು. ಫೋನನ್ನು ನಿಜವಾಗಿ ಕೊಲ್ಲುವುದು ತಂತ್ರಾಂಶ ಎಂಬುದು ದುರಸ್ತಿಯ ಚರ್ಚೆಯ ನಡುಮನೆಗೆ ಬರಬೇಕು. ಯುರೋಪ್ ಒಕ್ಕೂಟ 2025ರ ಜೂನ್ 20ರಿಂದ ಒಂದು ನಿಯಮ ತಂದಿದೆ: ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್. ನಮಗೂ ಅಂಥದ್ದು ಬೇಕು, ಜೊತೆಗೆ ಇನ್ನೆರಡು. ಅಪ್‌ಡೇಟ್ ಯಾವ ತಿಂಗಳವರೆಗೆ ಎಂದು ಪೆಟ್ಟಿಗೆಯ ಮೇಲೆ ಬೆಲೆಯ ಪಕ್ಕದಲ್ಲೇ ಮುದ್ರಿಸಲಿ. ಆ ತಿಂಗಳು ಕಳೆದ ದಿನ ಬೀಗದ ಕೈ ಕೊಂಡವನಿಗೆ ಸೇರಲಿ, ಅರ್ಜಿಯಿಲ್ಲದೆ, ಕಾಯಿಸದೆ.

ಉಡುಪಿ, ಮಂಗಳೂರು ಸುತ್ತಮುತ್ತ ಇರುವವರು ಮೇಜಿನ ಖಾನೆಯಲ್ಲಿ ಮಲಗಿರುವ ಹಳೆಯ ಫೋನಿನ ಮಾದರಿಯ ಹೆಸರನ್ನು ಕೆಳಗೆ ಬರೆಯಿರಿ. ಬೀಗ ತೆಗೆಯಲು ಆಗುತ್ತದೆಯೇ, ಒಳ್ಳೆಯ ಆವೃತ್ತಿ ಇದೆಯೇ ಎಂದು ನೋಡಿ ಹೇಳುತ್ತೇನೆ. ಭಾನುವಾರ ಸಂಜೆ ಬಿಡುವಿರುತ್ತದೆ, ತಂದರೆ ಜೊತೆಗೆ ಕುಳಿತು ಮಾಡೋಣ. ದಿನಬಳಕೆಯ ಒಂದೇ ಫೋನ್ ಇರುವವರು ತರಬೇಡಿ. ತರುವ ಮೊದಲು ಫೋಟೋಗಳನ್ನು ಬೇರೆಡೆ ಇಳಿಸಿಟ್ಟುಕೊಳ್ಳಿ, ನಕಲನ್ನು ಒಮ್ಮೆ ತೆರೆದೂ ನೋಡಿ.