ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ ಚದರಡಿ ಲೆಕ್ಕದಲ್ಲೇ ಇರಬೇಕೇ?

ಪರ: ಬರುವ ದುಡ್ಡಿಗೊಂದು ನ್ಯಾಯ, ಕೊಡುವ ದುಡ್ಡಿಗೊಂದು ನ್ಯಾಯ ಬೇಡ

ಇರಬೇಕು. ಇದರಲ್ಲಿ ಚರ್ಚೆಗೆ ಏನಿದೆ ಅಂತಲೇ ನನಗೆ ಅರ್ಥವಾಗುವುದಿಲ್ಲ. ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಬಂದಿದ್ದು 1972ರಲ್ಲಿ. ಎಲ್ಲರಿಗೂ ಸೇರಿದ ಜಾಗದಲ್ಲಿ ಯಾರಿಗೆ ಎಷ್ಟು ಅವಿಭಜಿತ ಪಾಲು (ಯುಡಿಎಸ್) ಇದೆಯೋ, ಖರ್ಚೂ ಅದೇ ಪ್ರಮಾಣದಲ್ಲಿ ಎಂದು ಅದರಲ್ಲಿ ಸ್ಪಷ್ಟವಾಗಿದೆ. ದೊಡ್ಡ ಫ್ಲ್ಯಾಟ್‌ಗೆ ದೊಡ್ಡ ಪಾಲು, ಚಿಕ್ಕದಕ್ಕೆ ಚಿಕ್ಕದು. ಇದನ್ನೇ ನಾವು ಚದರಡಿ ಲೆಕ್ಕ ಅನ್ನುವುದು.

ಅಲ್ಲೇ ಇನ್ನೊಂದು ಮಾತೂ ಇದೆ. ದೊಡ್ಡ ಫ್ಲ್ಯಾಟ್‌ನವರು ಅದನ್ನು ಓದಿಯೂ ಓದದವರಂತೆ ಇರುತ್ತಾರೆ. ಲಾಭ ಬಂದರೆ ಅದನ್ನೂ ಪಾಲಿನ ಪ್ರಕಾರವೇ ಹಂಚಬೇಕು. ನಾಳೆ ಕಾಂಪೌಂಡಿನ ಒಂದು ಅಂಚು ರಸ್ತೆ ಅಗಲೀಕರಣಕ್ಕೆ ಹೋಗಿ ಪರಿಹಾರ ಬಂತು ಅನ್ನಿ. ಟೆರೇಸ್ ಮೇಲಿನ ಮೊಬೈಲ್ ಟವರ್‌ಗೆ ಬಾಡಿಗೆ ಬಂತು ಅನ್ನಿ. ಆಗ 'ಎಲ್ಲರಿಗೂ ಸಮ' ಅನ್ನೋರು ಒಬ್ಬರೂ ಸಿಗುವುದಿಲ್ಲ. ಸೇಲ್ ಡೀಡ್ ತಂದು, ಯುಡಿಎಸ್ ಎಷ್ಟು ಅಂತ ಬೆರಳಿಟ್ಟು ತೋರಿಸುತ್ತಾರೆ. ದುಡ್ಡು ಬರುವಾಗ ಯುಡಿಎಸ್, ಕೊಡುವಾಗ ಸಮಾನತೆ!

ನಮ್ಮಲ್ಲಿ ಈಗ ನಡೆಯುತ್ತಿರುವುದು ಮನೆಗಿಷ್ಟು ಅನ್ನುವ ಪದ್ಧತಿ. ಹೊರಗೋಡೆಗೆ ಪೇಂಟ್ ಹೊಡೆಸಬೇಕಾಯಿತು. ಪೇಂಟಿಂಗ್ ಕಂಟ್ರಾಕ್ಟರ್ ಹುಡುಗರನ್ನು ಕರೆತಂದು, ಟೇಪ್ ಹಿಡಿದು ಗೋಡೆ ಗೋಡೆ ಅಳೆದ. ಮೂಲೆಯ ತ್ರೀ ಬಿಎಚ್‌ಕೆಗಳಿಗೆ ಎರಡು ಕಡೆ ಗೋಡೆ, ಸುತ್ತುವ ಬಾಲ್ಕನಿ, ಅದರ ಕೆಳಭಾಗ, ಎಲ್ಲವನ್ನೂ ಬರೆದುಕೊಂಡ. ಚದರಡಿಗೆ ಇಷ್ಟು ಅಂತ ಕೊಟೇಶನ್ ಬಂತು. ಕಮಿಟಿಯವರು ಒಟ್ಟು ಮೊತ್ತವನ್ನು ಮನೆಗಳ ಸಂಖ್ಯೆಯಿಂದ ಭಾಗಿಸಿ ಲಿಫ್ಟ್ ಬಾಗಿಲಿಗೆ ಅಂಟಿಸಿದರು. ಗೋಡೆಗೆ ಚದರಡಿ ಲೆಕ್ಕ, ನಮಗೆ ತಲೆ ಲೆಕ್ಕ. ಬೇಸ್‌ಮೆಂಟ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ನಡೆಸಿದ ವಾರ್ಷಿಕ ಸಭೆಯಲ್ಲಿ (ಎಜಿಎಂ) ನಾನು ಎದ್ದು ನಿಂತು ಕೇಳಿದೆ: 'ಸಾರ್, ನಿಮ್ಮ ಬಾಲ್ಕನಿ ಬಣ್ಣಕ್ಕೆ ನಾನ್ಯಾಕೆ ಕೊಡಬೇಕು?' ಮೈಕ್ ಆಫ್ ಆಯಿತು. ಕರೆಂಟ್ ಮಾತ್ರ ಹೋಗಿರಲಿಲ್ಲ.

ದೊಡ್ಡ ಮನೆಯವರದ್ದು ಒಂದೇ ರಾಗ. 'ನಾವೇನು ಲಿಫ್ಟ್‌ನಲ್ಲಿ ಎರಡೆರಡು ಸಲ ಓಡಾಡ್ತೀವಾ?' ಪುಣೆಯ ಒಂದು ವಸತಿ ಸಂಕೀರ್ಣದವರೂ ಇದೇ ವಾದ ಹಿಡಿದು ಬಾಂಬೆ ಹೈಕೋರ್ಟ್ ಮೆಟ್ಟಿಲು ಹತ್ತಿದ್ದರು. ಮನೆ ದೊಡ್ಡದಾದರೆ ಜನ ಜಾಸ್ತಿ ಇರುತ್ತಾರೆ ಅಂತೇನಿಲ್ಲ ಎಂದರು. 2025ರಲ್ಲಿ ಕೋರ್ಟ್ ಒಪ್ಪಲಿಲ್ಲ. ಅವಿಭಜಿತ ಪಾಲಿನ ಪ್ರಕಾರವೇ ಕಟ್ಟಿ ಎಂದಿತು. ಅದು ಮಹಾರಾಷ್ಟ್ರದ 1970ರ ಕಾಯ್ದೆಯ ಮೇಲೆ ಬಂದ ತೀರ್ಪು, ನಮ್ಮ ಹೈಕೋರ್ಟನ್ನು ಕಟ್ಟಿಹಾಕುವುದಿಲ್ಲ, ಗೊತ್ತು. ಆದರೆ ನಮ್ಮ ಕಾಯ್ದೆ ಅದರ ಬೆನ್ನಿಗೆ ಹುಟ್ಟಿದ ತಮ್ಮ. ಈ ವಿಷಯದಲ್ಲಿ ಎರಡರ ಮಾತೂ ಹೆಚ್ಚೂಕಡಿಮೆ ಒಂದೇ.

ಇಷ್ಟಾದ ಮೇಲೂ ಸಮಪಾಲು ಬೇಕೆನ್ನುವವರು ಮೊದಲು ತಮ್ಮ ಯುಡಿಎಸ್ ಅನ್ನು ಸಮ ಮಾಡಿಸಿಕೊಂಡು ಬರಲಿ. ನಮಗೂ ಒಂದಿಷ್ಟು ಜಾಗ ಸಿಗುತ್ತದೆ.

ವಿರೋಧ: ಸೆಕ್ಯೂರಿಟಿಯವರು ಮನೆ ಅಳೆದು ಸಲ್ಯೂಟ್ ಹೊಡೆಯುವುದಿಲ್ಲ

ಈ ಕಡೆಯಿಂದ ಬರೆಯಿರಿ ಅಂದಾಗ ಸ್ವಲ್ಪ ಹಿಂದೇಟು ಹಾಕಿದೆ. ನನ್ನ ಒಲವು ಎರಡೂ ಬೆರೆತ ಲೆಕ್ಕದ ಕಡೆಗೆ. ಆದರೂ ಸಮಪಾಲಿನ ಪರವಾಗಿ ಯಾರಾದರೂ ಮಾತಾಡಬೇಕಲ್ವಾ?

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಪಾಲು ನಿಗದಿಗೆ ನಮ್ಮ ಕಾಯ್ದೆ ಹಿಡಿದಿರುವುದು ಚದರಡಿಯನ್ನಲ್ಲ, ಬೆಲೆಯನ್ನು. ಇಡೀ ಆಸ್ತಿಯ ಬೆಲೆಯಲ್ಲಿ ನಿಮ್ಮ ಮನೆಯ ಬೆಲೆ ಎಷ್ಟು ಅನ್ನುವುದರ ಮೇಲೆ ಶೇಕಡಾವಾರು ಬರುತ್ತದೆ. ಇನ್ನು ಬಾಂಬೆ ಹೈಕೋರ್ಟ್ ವಿಷಯ. ಅದೇ ಕೋರ್ಟ್ ಹಿಂದೆ ಸಹಕಾರ ಸಂಘವೊಂದರ ಪ್ರಕರಣದಲ್ಲಿ ಮನೆಗಿಷ್ಟು ಎಂಬ ಸಮಪಾಲನ್ನೇ ಎತ್ತಿಹಿಡಿದಿತ್ತು. ಅದೇ ಲಿಫ್ಟ್, ಅದೇ ಸೆಕ್ಯೂರಿಟಿ. ನೋಂದಣಿಯಾದ ಕಾಯ್ದೆ ಮಾತ್ರ ಬೇರೆ: ಅಲ್ಲಿ ಸಹಕಾರ ಸಂಘಗಳದ್ದು, ಪುಣೆಯಲ್ಲಿ ಅಪಾರ್ಟ್‌ಮೆಂಟ್ ಒಡೆತನದ್ದು.

ನಮ್ಮ ಕಟ್ಟಡದಲ್ಲಿ ಚದರಡಿ ಲೆಕ್ಕವೇ ಇದೆ. ಗ್ರೌಂಡ್ ಫ್ಲೋರ್‌ನ ತ್ರೀ ಬಿಎಚ್‌ಕೆಯಲ್ಲಿ ಒಬ್ಬರು ನಿವೃತ್ತ ಟೀಚರ್ ಇದ್ದಾರೆ. ಯಜಮಾನರು ತೀರಿಕೊಂಡಿದ್ದಾರೆ, ಮಕ್ಕಳು ಹೊರದೇಶದಲ್ಲಿ. ಒಂದು ರೂಮು, ಅಡುಗೆಮನೆ ಬಿಟ್ಟರೆ ಉಳಿದದ್ದಕ್ಕೆಲ್ಲ ಬೀಗ. ಬೆಳಿಗ್ಗೆ ಅರ್ಧ ಲೀಟರ್ ಹಾಲು. ಪೆನ್ಶನ್‌ನಲ್ಲೇ ಜೀವನ. ಅವರ ಎದುರಿಗಿನ ಟೂ ಬಿಎಚ್‌ಕೆಯಲ್ಲಿ ಬಾಡಿಗೆಗೆ ಹುಡುಗರ ದಂಡೇ ಇದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿಲ್ಲದೆ ಟ್ಯಾಂಕರ್‌ಗಾಗಿ ಕಾದು ಕೂರುವಾಗಲೂ ಆ ಮನೆಯ ವಾಷಿಂಗ್ ಮೆಷಿನ್ ನಿಲ್ಲಲಿಲ್ಲ. ಟ್ಯಾಂಕರ್ ಬಿಲ್‌ನಲ್ಲಿ ಜಾಸ್ತಿ ಪಾಲು ಬಂದದ್ದು ಮಾತ್ರ ಟೀಚರಮ್ಮನಿಗೆ. ಆನ್‌ಲೈನ್ ಪೇಮೆಂಟ್ ಅವರಿಗೆ ಒಗ್ಗುವುದಿಲ್ಲ. ಪ್ರತಿ ಸಲ ಚೆಕ್ಕನ್ನು ತಾವೇ ತಂದುಕೊಡುತ್ತಾರೆ. ಹಿಂದೆ ಪೆನ್ಸಿಲ್‌ನಲ್ಲಿ, ದುಂಡಗಿನ ಅಕ್ಷರದಲ್ಲಿ, 'ಲಿಫ್ಟ್ ಬಳಸಿಲ್ಲ' ಎಂದು ಬರೆದಿರುತ್ತಾರೆ. ಕಮಿಟಿಯವರು 'ಏನ್ಮಾಡೋದು ಅಮ್ಮಾ, ಬೈಲಾ ಹಾಗಿದೆ' ಅನ್ನುತ್ತಾರೆ. ಅಮ್ಮ ತಿಂಗಳು ತಿಂಗಳೂ ಬರೆಯುವುದನ್ನು ಬಿಟ್ಟಿಲ್ಲ. ಚದರಡಿ ವಾದಿಗಳ ಪ್ರಕಾರ ಇವರು ಶ್ರೀಮಂತರು!

ಬಾಲ್ಕನಿ ಪೇಂಟಿನ ಮಾತು ಎಷ್ಟೋ ವರ್ಷಕ್ಕೊಮ್ಮೆ ಬರುವ ಖರ್ಚಿನದ್ದು. ಅದನ್ನೇ ಹಿಡಿದು ಜಗ್ಗುವುದು ಬೇಡ.

ಇನ್ನು ಜಿಎಸ್‌ಟಿ. ಸಂಘದ ವಾರ್ಷಿಕ ವಹಿವಾಟು 20 ಲಕ್ಷ ದಾಟಿ, ಒಂದು ಮನೆಯ ಮೇಂಟೆನೆನ್ಸ್ ತಿಂಗಳಿಗೆ 7,500 ರೂಪಾಯಿ ದಾಟಿದರೆ ಶೇ 18 ತೆರಿಗೆ. ಚದರಡಿಗೆ 4 ರೂಪಾಯಿ ಅಂತ ಇಟ್ಟುಕೊಳ್ಳಿ. 1,200 ಚದರಡಿಗೆ 4,800, 2,000 ಚದರಡಿಗೆ 8,000. ಎರಡನೆಯವರಿಗೆ ತೆರಿಗೆ ಬಿತ್ತು. 2019ರ ಕೇಂದ್ರದ ಸುತ್ತೋಲೆ ಪ್ರಕಾರ ಪೂರ್ತಿ 8,000ಕ್ಕೂ, ಅಂದರೆ 1,440 ರೂಪಾಯಿ. 7,500ರ ಮೇಲಿನ 500ಕ್ಕೆ ಮಾತ್ರ ಸಾಕು, ಅಂದರೆ 90 ರೂಪಾಯಿ, ಎಂದು 2021ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ಎರಡೂ ಅಳತೆಯ ಮನೆಗಳು ಅರ್ಧರ್ಧ ಇದ್ದರೆ ಸಮಪಾಲಿನಲ್ಲಿ ತಲಾ 6,400. ಯಾರಿಗೂ ತೆರಿಗೆ ಇಲ್ಲ. ಚಿಕ್ಕ ಮನೆಯವರಿಗೆ ಸ್ವಲ್ಪ ಜಾಸ್ತಿಯಾಗುತ್ತದೆ, ನಿಜ.

ಸೆಕ್ಯೂರಿಟಿ, ಹೌಸ್‌ಕೀಪಿಂಗ್ ಮನೆಗಿಷ್ಟು, ನೀರಿಗೆ ಮೀಟರ್, ಪೇಂಟಿಂಗ್ ಮಾತ್ರ ಪಾಲಿನ ಪ್ರಕಾರ ಇರಲಿ ಎಂದು ನಾವು ಕೆಲವರು ಬರೆದುಕೊಟ್ಟಿದ್ದೇವೆ. ಮುಂದಿನ ಎಜಿಎಂ ಅಜೆಂಡಾದಲ್ಲಿ ಕೊನೆಯ ವಿಷಯವಾಗಿ ಸೇರಿಸಿದ್ದಾರೆ. ಅಷ್ಟು ಹೊತ್ತಿಗೆ ಕೋರಂ ಉಳಿದಿದ್ದರೆ ಚರ್ಚೆ.