ಜಗತ್ ಸರ್ಕಲ್ ದಾಟದ ಬ್ರೆಡ್ಡು

ಫ್ರಿಜ್ಜಿನ ಬಾಗಿಲು ತೆರೆದರೆ ಹನ್ನೊಂದು ಸೌತೆಕಾಯಿಗಳು ನನ್ನನ್ನೇ ದುರುಗುಟ್ಟಿ ನೋಡುತ್ತವೆ. ಮೊನ್ನೆ ಭಾನುವಾರ ನಮ್ಮ ಮನೆಯಲ್ಲಿ ನಡೆದ ಸ್ಯಾಂಡ್‌ವಿಚ್ ಕೂಟದಲ್ಲಿ ನನ್ನ ಪಾಲಿಗೆ ಉಳಿದ ಆಸ್ತಿಯಿದು. ಹೋಟೆಲಿಗೆ ಹೋದರೆ ಬಿಲ್ಲು ಬರುವ ಹೊತ್ತಿಗೆ ಸರಿಯಾಗಿ ಎಲ್ಲರೂ ಕೈ ತೊಳೆಯಲು ಏಳುವವರೇ ಆದ್ದರಿಂದ, ಏಳು ಮಂದಿ ಗೆಳೆಯರು ತಲಾ 50 ರೂಪಾಯಿ ಮೀರದಂತೆ ಒಂದೊಂದು ಸಾಮಾನು ತರಬೇಕೆಂದೂ, ಬೆಣ್ಣೆ, ಚಹಾ ಮತ್ತು ಜಾಗ ನನ್ನದೆಂದೂ ಒಪ್ಪಂದವಾಗಿತ್ತು. ಮೂವರಿಗೆ ಬರೀ "ತರಕಾರಿ" ಎಂದು ಹೇಳಿದ್ದು ನನ್ನ ತಪ್ಪು. ಮೇ ತಿಂಗಳ ಕಲಬುರಗಿಯಲ್ಲಿ ಸೌತೆಕಾಯಿಯಲ್ಲದೆ ಬೇರೇನು ಹೊಳೆದೀತು? ಚಟ್ನಿ ಒಪ್ಪಿಕೊಂಡವನು ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ತಂದ. ಹಸಿರು ಚಟ್ನಿ ಬೇಕಿತ್ತೆಂದು ಗೊಣಗಿದರೆ, "ಚಟ್ನಿ ಅಂದಿದ್ದಿ, ಬಣ್ಣ ಎಲ್ಲಿ ಹೇಳಿದ್ದಿ?" ಎಂದು ನನ್ನನ್ನೇ ಕೇಳಿದ.

ಇವನ್ನೆಲ್ಲ ಕ್ಷಮಿಸಬಹುದು. ಬ್ರೆಡ್ಡಿನ ಹೊಣೆ ಹೊತ್ತವನನ್ನು ಮಾತ್ರ ಕ್ಷಮಿಸಲಾರೆ. ಹನ್ನೆರಡೂವರೆಗೆ ಫೋನ್ ಮಾಡಿದಾಗ, "ಇಲ್ಲೇ ಜಗತ್ ಸರ್ಕಲ್‌ನಾಗ ಅದೀನಿ, ಬಂದೇ ಬಿಟ್ಟೆ" ಎಂದ. ಹಿಂದಿನಿಂದ ಕುಕ್ಕರ್ ಮೂರು ಸಲ ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಒಂದು ಗಂಟೆಗೂ ಅವನು ಜಗತ್ ಸರ್ಕಲ್‌ನಲ್ಲಿಯೇ ಇದ್ದ, ಆದರೆ ಈಗ ಅಲ್ಲಿ ಯಾರೋ ಬಕೆಟ್ಟಿಗೆ ನೀರು ತುಂಬುತ್ತಿದ್ದರು. ಒಂದೂವರೆಗೆ ಮಾಡಿದಾಗ "ಟ್ರಾಫಿಕ್ ಭಾಳ ಅದ" ಎಂದವನ ಮಾತಿನ ನಡುವೆಯೇ, "ಜಳಕ ಯಾವಾಗ ಮಾಡ್ತಿ? ನೀರು ಆರಿ ಹೋದ್ವು" ಎಂದು ಅವನ ಅವ್ವನ ದನಿ ಕೇಳಿಬಂತು. ನಡುಬೀದಿಯಲ್ಲಿ ಅಡುಗೆ, ಜಳಕ, ಸಂಸಾರಗಳೆಲ್ಲ ಇಷ್ಟು ಸಾಂಗವಾಗಿ ನಡೆಯುವ ಸರ್ಕಲ್ ಬೇರಾವ ಊರಿನಲ್ಲಿಯೂ ಇರಲಾರದು. ಇತ್ತ ಬ್ರಹ್ಮಪುರದ ನಮ್ಮ ಮನೆಯಲ್ಲಿ ಹೆಚ್ಚಿಟ್ಟ ಸೌತೆಕಾಯಿ ನೀರು ಬಿಟ್ಟಿತ್ತು, ಬೆಣ್ಣೆ ಎಣ್ಣೆಯಾಗಿತ್ತು, ಹಸಿದ ಗೆಳೆಯರು ಹಿಂಡಿಯನ್ನು ಚಮಚದಲ್ಲಿ ತಿಂದು ನೀರು ಕುಡಿಯುತ್ತಿದ್ದರು.

ಎರಡೂವರೆಗೆ ಮಹಾಶಯ ಬಂದ. ಕೈಯಲ್ಲಿ ಒಂದೇ ಒಂದು ಪೊಟ್ಟಣ, ಎಣಿಸಿದರೆ ಹದಿನೆಂಟು ಹೋಳು. "ನನ್ನ ಚಿಂತಿ ಬಿಡ್ರಿ, ಅವ್ವ ಬಿಡಲಿಲ್ಲ, ಉಂಡೇ ಬಂದೀನಿ" ಎಂದು ಉದಾರವಾಗಿ ಘೋಷಿಸಿ, ರುಚಿ ನೋಡುವ ನೆಪದಲ್ಲಿ ಎರಡು ಸ್ಯಾಂಡ್‌ವಿಚ್ ಮುಗಿಸಿದ. ಮಶೀನು ಹಚ್ಚುವಷ್ಟರಲ್ಲಿ ಕರೆಂಟು ಹೋಯಿತಾದರೂ ತೊಂದರೆಯಾಗಲಿಲ್ಲ. ಆ ಬಿಸಿಲಿಗೆ ಬಿಡಿಸಿಟ್ಟ ಹೋಳುಗಳು ತಾವಾಗಿಯೇ ಟೋಸ್ಟಾಗಿದ್ದವು. ಕಚ್ಚಿದೊಡನೆ ಹಿಂಡಿ ಉದುರಿ ಎಲ್ಲರ ಅಂಗಿಯೂ ಕೆಂಪಾಯಿತು. ನನ್ನ ಪಾಲಿಗೆ ಬಂದದ್ದು ಪೊಟ್ಟಣದ ಎರಡು ತುದಿಯ ಹೋಳುಗಳು.

ಅವುಗಳನ್ನು ಅಗಿಯುತ್ತಿರುವಾಗ ಎಳ್ಳಮಾಸಿ (ಎಳ್ಳು ಅಮಾವಾಸ್ಯೆ) ಹಬ್ಬದ ನೆನಪಾಯಿತು. ಅಂದು ಹೊಲದಲ್ಲಿ ಭಜ್ಜಿ, ಸಜ್ಜಿ ಕಡುಬು, ಅಂಬಲಿಗಳ ಬುತ್ತಿ ಬಿಚ್ಚಿದರೆ ಯಾರು ಏನು ತಂದರೆಂದು ಯಾರೂ ಎಣಿಸುತ್ತಿರಲಿಲ್ಲ. ದಾರಿಹೋಕರನ್ನೂ ಕೂಗಿ ಕರೆದು ಕೂರಿಸುತ್ತಿದ್ದರು. ನಾನು ಮಾತ್ರ ಬ್ರೆಡ್ಡಿನ ಹೋಳು ಎಣಿಸುತ್ತ ಕುಳಿತಿದ್ದೆ.

ಇವತ್ತು ಮುಂಜಾನೆ ಅವನಿಗೇ ಫೋನ್ ಮಾಡಿ, ಈ ಸೌತೆಕಾಯಿಗಳನ್ನಾದರೂ ಒಯ್ಯೆಂದೆ. "ಬಂದೆ, ಜಗತ್ ಸರ್ಕಲ್‌ನಾಗ ಅದೀನಿ" ಎಂದ. ಹಿಂದೆ ಕುಕ್ಕರ್ ಕೂಗಿತು.